ಸೈಕಲ್ ಸಾಮಾನು ಆನ್‌ಲೈನ್‌ನಲ್ಲಿ ತರಿಸುವುದಾದರೆ ಯಾವ ಅಂಗಡಿಯನ್ನು ನಂಬಬೇಕು?

ಪ್ರಶ್ನೆ: ನಾನು ಶಿಡ್ಲಘಟ್ಟದ ಹತ್ತಿರದ ಹಳ್ಳಿಯೊಂದರಲ್ಲಿ ಶಾಲಾ ಶಿಕ್ಷಕ. ನಾಲ್ಕು ವರ್ಷದ ಹಿಂದೆ 27.5 ಇಂಚಿನ ಚಕ್ರದ, 21 ಗೇರಿನ ಡಿಸ್ಕ್ ಬ್ರೇಕ್ ಸೈಕಲ್ ತೆಗೆದುಕೊಂಡೆ. ದಿನಾ ಶಾಲೆಗೆ ಅದರಲ್ಲೇ ಹೋಗುತ್ತೇನೆ. ತಿಂಗಳಿಗೊಂದು ಭಾನುವಾರ ನಂದಿ ಬೆಟ್ಟಕ್ಕೂ ಹೋಗುವುದುಂಟು. ಈಗ ಏರು ತುಳಿಯುವಾಗ ಚೈನು ಹಲ್ಲಿನ ಮೇಲೆ ಜಾರುತ್ತಿದೆ. ನಮ್ಮೂರ ಅಂಗಡಿಯಲ್ಲಿ ಗೇರ್ ಸೈಕಲ್ಲಿನ ಸಾಮಾನು ಸಿಗಲಿಲ್ಲ. ಆನ್‌ಲೈನ್‌ನಲ್ಲಿ "7 ಸ್ಪೀಡ್ ಕ್ಯಾಸೆಟ್ ಫ್ರೀವೀಲ್" ಅಂತ ಇದ್ದದ್ದನ್ನು 940 ರೂಪಾಯಿ ಕೊಟ್ಟು ತರಿಸಿದೆ. ಚಕ್ರಕ್ಕೆ ಕೂರಲೇ ಇಲ್ಲ. ವಾಪಸ್ ತೆಗೆದುಕೊಳ್ಳಿ ಅಂದರೆ "ಪ್ಯಾಕೆಟ್ ಒಡೆದಿದ್ದೀರಿ, ಆಗಲ್ಲ" ಅಂದರು. ಇದರ ಮಧ್ಯೆ ನಮ್ಮ ಶಾಲೆಯ ಇನ್ನೊಬ್ಬರು 80 ಪರ್ಸೆಂಟ್ ರಿಯಾಯಿತಿ ಅನ್ನುವ ಜಾಹೀರಾತು ನೋಡಿ ಹೆಲ್ಮೆಟ್ಟು, ಲೈಟಿಗೆ ಅಂತ 1,800 ರೂಪಾಯಿ ಕಟ್ಟಿದರು. ಈಗ ಸಾಮಾನೂ ಇಲ್ಲ, ಅಂಗಡಿಯೂ ಇಲ್ಲ. ನಂಬಬಹುದಾದ ಅಂಗಡಿ ಯಾವುದು, ಒಂದು ಹೆಸರು ಹೇಳಿ. ಕ್ಯಾಶ್ ಆನ್ ಡೆಲಿವರಿ ಆದರೆ ಸೇಫ್ ಅಲ್ವಾ? ಅಥವಾ ಸುಮ್ನೆ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ ತರುವುದೇ ವಾಸಿಯಾ?

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಕಾಯಿಲೆ ಇವೆ. ನಿಮ್ಮ ಜೊತೆಯವರಿಗೆ ಆದದ್ದು ಮೋಸ. ನಿಮಗೆ ಬಂದದ್ದು ಹೊಂದದ ಸಾಮಾನು. ಜನ ಎರಡನ್ನೂ ಒಂದೇ ಚೀಲಕ್ಕೆ ತುಂಬಿ "ಆನ್‌ಲೈನ್ ಅಂದರೇನೇ ಹೀಗೆ" ಅಂದುಬಿಡುತ್ತಾರೆ.

ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯ ಪಕ್ಕದ ಗಲ್ಲಿಯಲ್ಲಿ ನಾನು ಅಂಗಡಿ ನಡೆಸುತ್ತಾ 26 ವರ್ಷ ಆಯಿತು. ಅಪ್ಪನ ಕಾಲದಲ್ಲಿ ಗಂಟೆಗಿಷ್ಟು ಅಂತ ಬಾಡಿಗೆ ಸೈಕಲ್ ಕೊಡುತ್ತಿದ್ದ ಅಂಗಡಿ ಅದು. ಈಗ ವಾರಕ್ಕೆ ನಾಲ್ಕೈದು ಜನ ಆನ್‌ಲೈನ್ ಪ್ಯಾಕೆಟ್ ಹಿಡಿದುಕೊಂಡು "ಇದನ್ನ ಹಾಕಿಕೊಡಿ" ಅಂತ ಬರುತ್ತಾರೆ. ಅದರಲ್ಲಿ ನಕಲಿ ಮಾಲು ಬರುವುದು ಅಪರೂಪ. ಮಾಲು ಚೆನ್ನಾಗೇ ಇರುತ್ತದೆ, ಆ ಸೈಕಲ್ಲಿಗೆ ಮಾತ್ರ ಆಗುವುದಿಲ್ಲ. ಇದೇ ಜಾಸ್ತಿ.

ಹಾಗಾಗಿ ಅಂಗಡಿಯ ವಿಚಾರಕ್ಕೆ ಬರುವ ಮುಂಚೆ ನಿಮ್ಮ ಸೈಕಲ್ಲಿನ ಹಿಂದಿನ ಚಕ್ರದ ಹತ್ತಿರ ಸ್ವಲ್ಪ ಕೂರೋಣ.

ಹಿಂದಿನ ಹಲ್ಲಿನ ಗೊಂಚಲಿನಲ್ಲಿ ಎರಡು ಜಾತಿ. ಒಂದು ಫ್ರೀವೀಲ್. ಇದನ್ನು ಬಾಟಲಿ ಮುಚ್ಚಳದ ಹಾಗೆ ಹಬ್ಬಿನ (ಚಕ್ರದ ನಡುಭಾಗದ) ಥ್ರೆಡ್ ಮೇಲೆ ತಿರುಗಿಸಿ ಕೂರಿಸುತ್ತಾರೆ. ತುಳಿಯುವುದು ನಿಲ್ಲಿಸಿದಾಗ ಟಿಕ್ ಟಿಕ್ ಅನ್ನುವ ಯಂತ್ರವೂ ಅದರ ಹೊಟ್ಟೆಯೊಳಗೇ ಇರುತ್ತದೆ. ಇನ್ನೊಂದು ಕ್ಯಾಸೆಟ್. ಇದರಲ್ಲಿ ಟಿಕ್ ಟಿಕ್ ಭಾಗ ಹಬ್ಬಿಗೇ ಸೇರಿದ್ದು. ಹಲ್ಲುಗಳನ್ನು ಮಾತ್ರ ಕೈಗೆ ಬಳೆ ತೊಡಿಸಿದ ಹಾಗೆ ಜಾರಿಸಿ, ಕೊನೆಗೆ ಒಂದು ರಿಂಗ್ ಹಾಕಿ ಬಿಗಿ ಮಾಡುತ್ತಾರೆ. ಎರಡರಲ್ಲೂ 7 ಗೇರ್ ಇರಬಹುದು (ನಿಮ್ಮ 21 ಗೇರ್ ಅಂದರೆ ಮುಂದೆ 3, ಹಿಂದೆ 7). ಫೋಟೋದಲ್ಲಿ ಅಣ್ಣ ತಮ್ಮನ ಹಾಗೆ ಕಾಣುತ್ತವೆ. ಒಂದರ ಜಾಗದಲ್ಲಿ ಇನ್ನೊಂದು ಕೂರಲು ಸಾಧ್ಯವೇ ಇಲ್ಲ.

ನಿಮ್ಮದು ಯಾವುದು ಅಂತ ತಿಳಿಯುವುದು ಸುಲಭ. ಹಿಂದಿನ ಚಕ್ರ ಬಿಚ್ಚಿ, ಹಲ್ಲಿನ ಕಡೆ ನಿಮ್ಮ ಮುಖಕ್ಕೆ ಬರುವ ಹಾಗೆ ಹಿಡಿದುಕೊಳ್ಳಿ. ಹಲ್ಲುಗಳ ನಡುವೆ, ಆಕ್ಸೆಲ್ಲಿನ ಸುತ್ತ, ಟೂಲ್ ಕೂರುವ ಕಚ್ಚು ಕಾಣುತ್ತದೆ. ಈಗ ಹಲ್ಲನ್ನು ಹಿಂದಕ್ಕೆ ತಿರುಗಿಸಿ. ಕಚ್ಚೂ ಜೊತೆಗೇ ತಿರುಗಿದರೆ ಕ್ಯಾಸೆಟ್. ಹಲ್ಲು ಮಾತ್ರ ತಿರುಗಿ ಕಚ್ಚು ಇದ್ದಲ್ಲೇ ನಿಂತರೆ ಫ್ರೀವೀಲ್. 21 ಗೇರಿನ ಕಡಿಮೆ ಬೆಲೆಯ ಸೈಕಲ್‌ಗಳಲ್ಲಿ ನಾನು ನೋಡಿದ್ದು ಬಹುಪಾಲು ಫ್ರೀವೀಲ್. ನಿಮ್ಮದೂ ಅದೇ ಇರಬೇಕು. ನಿಮಗೆ ಬಂದದ್ದು ಕ್ಯಾಸೆಟ್. "ಕ್ಯಾಸೆಟ್ ಫ್ರೀವೀಲ್" ಅಂತ ಬರೆದವನು ಒಂದೇ ಪ್ರಾಣಿಗೆ ಹಸುವೆಮ್ಮೆ ಅಂತ ಹೆಸರಿಟ್ಟಿದ್ದಾನೆ. ಯಾರು ಏನು ಹುಡುಕಿದರೂ ತನ್ನ ಅಂಗಡಿ ಕಾಣಲಿ ಅಂತ. ಈ ಮಾತು ನೆನಪಿರಲಿ, ನಿಮ್ಮ 940 ರೂಪಾಯಿಗೆ ಇದು ಬೇಕಾಗುತ್ತದೆ.

ಇನ್ನೊಂದು. ಚೈನು ಜಾರಿದ ತಕ್ಷಣ ಹಲ್ಲು ಹೋಗಿದೆ ಅಂತ ಯಾರು ಹೇಳಿದರು? ಮೊಬೈಲಿನ ಯಾವುದೋ ವಿಡಿಯೋ ಅಂತ ನನ್ನ ಊಹೆ. ಮೊದಲು ಚೈನು ಅಳೆಯಿರಿ. ಶಾಲೆಯಲ್ಲಿ ಸ್ಟೀಲ್ ಸ್ಕೇಲ್ ಇರುತ್ತದಲ್ಲ, ಅದು ಸಾಕು. ಚೈನಿನ ಒಂದು ಪಿನ್ನಿನ ನಡುವಿಗೆ ಸೊನ್ನೆ ಇಟ್ಟರೆ, ಹೊಸ ಚೈನಿನಲ್ಲಿ 24 ಕೊಂಡಿ ದಾಟಿದ ಪಿನ್ನಿನ ನಡು ಸರಿಯಾಗಿ 12 ಇಂಚಿಗೆ ಬರುತ್ತದೆ. ಅರ್ಧ ನೂಲು, ಅಂದರೆ ಇಂಚಿನ ಹದಿನಾರನೇ ಒಂದು ಭಾಗ ಜಾಸ್ತಿ ಬಂದರೆ ಚೈನು ಬದಲಿಸುವ ಹೊತ್ತಾಗಿದೆ. ಪೂರ್ತಿ ಒಂದು ನೂಲು ಜಾಸ್ತಿ ಬಂದರೆ ಅದು ಹಲ್ಲನ್ನೂ ತಿಂದಿದೆ. ಆಗ ಎರಡನ್ನೂ ಒಟ್ಟಿಗೇ ಬದಲಿಸಬೇಕು. ಸವೆದ ಹಲ್ಲಿನ ಮೇಲೆ ಹೊಸ ಚೈನು ಹಾಕಿದರೆ ಜಾರುತ್ತದೆ. ಹೊಸ ಹಲ್ಲಿನ ಮೇಲೆ ಹಳೇ ಚೈನು ಬಿಟ್ಟರೆ ಅದನ್ನೂ ಬೇಗ ತಿನ್ನುತ್ತದೆ. ಅಳತೆ ಸರಿಯಾಗಿದ್ದೂ ಜಾರುತ್ತಿದ್ದರೆ ಗೇರಿನ ಕೇಬಲ್ ಸಡಿಲ ಆಗಿರಬಹುದು, ಅದಕ್ಕೆ ಏನನ್ನೂ ತರಿಸಬೇಕಾಗಿಲ್ಲ. ಅಂದ ಹಾಗೆ 6, 7, 8 ಗೇರಿಗೆ ಒಂದೇ ಅಗಲದ ಚೈನು ನಡೆಯುತ್ತದೆ. 9 ಗೇರಿನದು ದುಬಾರಿ, ಒಳ್ಳೆಯದಿರಬಹುದು ಅಂತ ತರಿಸಬೇಡಿ. ಅದರ ಅಗಲ ಕಡಿಮೆ.

ಈಗ ಅಂಗಡಿಯ ವಿಷಯ. ಹೋದ ವರ್ಷ ಗುಡಿಬಂಡೆ ಕಡೆಯ ಪಿಯುಸಿ ಹುಡುಗನೊಬ್ಬ ಹೊಸ ಟೈರ್ ತಂದ. "ಅಣ್ಣಾ, ಅರ್ಧ ಗಂಟೆಯಿಂದ ಒದ್ದಾಡ್ತಿದ್ದೀನಿ, ರಿಮ್ಮಿಗೆ ಕೂರ್ತಾನೇ ಇಲ್ಲ" ಅಂದ. ಹಳೇ ಟೈರಿನ ಮೇಲೆ 26 ಅಂತ ಇದೆ, ಹೊಸದರ ಮೇಲೂ 26 ಅಂತ ಇದೆ. ಆದರೆ ಹಳೆಯದರ ಪಕ್ಕದಲ್ಲಿ, ಸಣ್ಣ ಅಕ್ಷರದಲ್ಲಿ, 50-559 ಅಂತ ಇತ್ತು. ಹೊಸದರ ಮೇಲೆ 37-590. ಮೊದಲನೇ ಸಂಖ್ಯೆ ಟೈರಿನ ದಪ್ಪ, ಎರಡನೆಯದು ಟೈರಿನ ಅಂಚು ರಿಮ್ಮಿನಲ್ಲಿ ಕೂರುವ ಜಾಗದ ಅಡ್ಡಳತೆ, ಎರಡೂ ಮಿಲಿಮೀಟರ್ ಲೆಕ್ಕ. ಒಂದಕ್ಕೂ ಇನ್ನೊಂದಕ್ಕೂ 31 ಮಿಲಿಮೀಟರ್ ವ್ಯತ್ಯಾಸ. ಒಂದು ಗುಡ್ಡಗಾಡು ಸೈಕಲ್ಲಿನ 26, ಇನ್ನೊಂದು ಹಳೇ ಲೇಡೀಸ್ ಸೈಕಲ್ಲಿನ 26. ಅಂಗಡಿಯವನು ಸುಳ್ಳು ಹೇಳಿರಲಿಲ್ಲ, ಪೂರ್ತಿ ಹೇಳಿರಲಿಲ್ಲ ಅಷ್ಟೇ. ನಿಮ್ಮ 27.5ಕ್ಕೆ ಆ ಎರಡನೇ ಸಂಖ್ಯೆ 584 ಇರಬೇಕು. 29 ಇಂಚಿನದಕ್ಕೂ 700 ಸಿ ಅನ್ನುವ ರೋಡ್ ಸೈಕಲ್ಲಿಗೂ 622. ಅಪ್ಪನ ಕಾಲದ ಕರಿ ಸೈಕಲ್ಲಿನ 28ಕ್ಕೆ 635.

ನನ್ನ ಮೊದಲನೇ ಪರೀಕ್ಷೆ ಇದೇ. ಆ ಅಂಗಡಿ ನಂಬರ್ ಬರೆದಿದೆಯಾ? ಟೈರ್ ಅಂದರೆ ಈ ಜೋಡಿ ಸಂಖ್ಯೆ. ಫ್ರೀವೀಲ್ ಅಂದರೆ ಎಷ್ಟು ಗೇರು, ಎಷ್ಟು ಹಲ್ಲು (ನಿಮ್ಮಂಥ ಸೈಕಲ್ಲಿಗೆ ಸಾಮಾನ್ಯವಾಗಿ 14-28), ಥ್ರೆಡ್ ಮಾಡುವುದೋ ಜಾರಿಸುವುದೋ. ಸೀಟ್ ಪೋಸ್ಟ್ (ಸೀಟಿನ ಕೆಳಗಿನ ಕೊಳವೆ) ಅಂದರೆ 27.2 ಮಿಲಿಮೀಟರೋ 31.6ಓ. ಡಿಸ್ಕ್ ಪ್ಯಾಡ್ ಅಂದರೆ ಯಾವ ಮಾಡೆಲ್ ಬ್ರೇಕಿಗೆ. ಕಂಪನಿಯ ಮಾಡೆಲ್ ನಂಬರ್ ಬರೆದಿರುವ ಅಂಗಡಿಯಲ್ಲಿ ಸೈಕಲ್ ಬಲ್ಲವರು ಯಾರೋ ಕೂತಿದ್ದಾರೆ ಅಂತ ಅರ್ಥ. "ಎಲ್ಲ ಸೈಕಲ್ಲಿಗೂ ಹೊಂದುತ್ತದೆ, ಹೈ ಕ್ವಾಲಿಟಿ, ಸ್ಟೈಲಿಶ್ ಲುಕ್" ಅಂತ ಬರೆದಿದ್ದರೆ, ಅವರು ಸೈಕಲ್ ಸಾಮಾನಿನ ಜೊತೆ ಚಪಾತಿ ಮಣೆಯನ್ನೂ ಮಾರುವವರು. ಬೆಲ್ಲು, ಬಾಟಲಿ ಸ್ಟ್ಯಾಂಡು ತರಿಸಬಹುದು. ಬ್ರೇಕ್ ಬೇಡ.

ಎರಡನೆಯದು, ಒಂದು ಪ್ರಶ್ನೆ ಕೇಳಿ ನೋಡುವುದು. ಹಿಂದಿನ ಗೇರ್ ನೇತುಹಾಕುವ ಹ್ಯಾಂಗರ್ ಅಂತ ಒಂದು ಸಣ್ಣ ಅಲ್ಯೂಮಿನಿಯಂ ತುಂಡು ಇರುತ್ತದೆ. ಸೈಕಲ್ ಬಿದ್ದರೆ ಫ್ರೇಮು ಉಳಿಯಲಿ ಅಂತ ಅದೇ ಮೊದಲು ಬಾಗುತ್ತದೆ. ಒಂದೊಂದು ಫ್ರೇಮಿಗೆ ಒಂದೊಂದು ಆಕಾರ. ಹೋದ ಮಳೆಗಾಲದಲ್ಲಿ ಗಿರಾಕಿಯೊಬ್ಬರ ಹ್ಯಾಂಗರ್ ಮುರಿಯಿತು. ಫೋಟೋ ತೆಗೆದು ಎರಡು ಅಂಗಡಿಗೆ ವಾಟ್ಸಾಪ್ ಮಾಡಿದೆ. ಒಬ್ಬನಿಂದ ಒಂದೇ ನಿಮಿಷಕ್ಕೆ ಉತ್ತರ: "ಆಗುತ್ತೆ ಸರ್, ಆರ್ಡರ್ ಮಾಡಿ." ಇನ್ನೊಬ್ಬ ಮಾರನೇ ದಿನ ಕೇಳಿದ: "ಸ್ಕೇಲ್ ಪಕ್ಕ ಇಟ್ಟು ಇನ್ನೊಂದು ಫೋಟೋ ಕಳಿಸಿ, ತೂತಿನಿಂದ ತೂತಿಗೆ ಎಷ್ಟು ದೂರ?" ಕಳಿಸಿದೆ. "ನಮ್ಮ ಹತ್ತಿರ ಇಲ್ಲ" ಅಂದ. ಅವತ್ತಿನಿಂದ ಈ ಇಲ್ಲ ಅಂದವನ ಹತ್ತಿರವೇ ನಾನು ಸಾಮಾನು ತರಿಸುತ್ತಿದ್ದೇನೆ.

ಮೂರನೆಯದು ವಾಪಸಾತಿ ಪುಟ. ಇದನ್ನು ದುಡ್ಡು ಕಟ್ಟುವ ಮುಂಚೆ ಓದಬೇಕು, ನಾವೆಲ್ಲ ಜಗಳ ಆದಮೇಲೆ ಓದುತ್ತೇವೆ. ಎಷ್ಟು ದಿನ ಅವಕಾಶ, ಪ್ಯಾಕೆಟ್ ಒಡೆದರೆ ಏನು, ಕೊರಿಯರ್ ಖರ್ಚು ಯಾರದು, ದುಡ್ಡು ವಾಪಸ್ ಕೊಡುತ್ತಾರೋ ಇಲ್ಲ ಅವರ ಅಂಗಡಿಯಲ್ಲೇ ಖರ್ಚು ಮಾಡುವ ಕೂಪನ್ ಕೊಡುತ್ತಾರೋ. "ಹೊಂದದಿದ್ದರೆ, ಫಿಟ್ ಮಾಡದೆ ಇದ್ದರೆ, 7 ದಿನದೊಳಗೆ ವಾಪಸ್" ಅಂತ ನೇರವಾಗಿ ಬರೆದಿದ್ದರೆ ಒಳ್ಳೆಯ ಲಕ್ಷಣ. ಪ್ಯಾಕೆಟ್ ಒಡೆಯದೆ ಸಾಮಾನು ನೋಡುವುದಾದರೂ ಹೇಗೆ ಅನ್ನಿ.

ನಾಲ್ಕನೆಯದು, ಅಂಗಡಿಗೆ ವಿಳಾಸ ಇದೆಯಾ. 2020ರ ಗ್ರಾಹಕ ಸಂರಕ್ಷಣೆ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನ್‌ನಲ್ಲಿ ಮಾರುವವರು ತಮ್ಮ ಕಾನೂನುಬದ್ಧ ಹೆಸರು, ವಿಳಾಸ, ಗ್ರಾಹಕ ಸೇವೆಯ ನಂಬರ್, ದೂರು ಕೇಳುವ ಅಧಿಕಾರಿಯ ಹೆಸರು ಎಲ್ಲವನ್ನೂ ತೋರಿಸಬೇಕು. ಪ್ಯಾಕೆಟ್ ಸಾಮಾನಿಗೆ ಎಂಆರ್‌ಪಿ, ಎಲ್ಲಿ ತಯಾರಾದದ್ದು, ಹೊರದೇಶದ್ದಾದರೆ ಆಮದು ಮಾಡಿಕೊಂಡವರು ಯಾರು ಅನ್ನುವುದೂ ಇರಬೇಕು. ಬರೀ ಒಂದು ಮೊಬೈಲ್ ನಂಬರ್ ಮತ್ತು ಒಂದು ಜಿಮೇಲ್ ವಿಳಾಸ ಇದ್ದರೆ ಅಲ್ಲಿಂದಲೇ ಹಿಂದಕ್ಕೆ ಬನ್ನಿ.

ಜಿಎಸ್‌ಟಿ ನಂಬರ್ ಕೊಟ್ಟಿದ್ದರೆ ಅದನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ಹುಡುಕಿ, ಲಾಗಿನ್ ಬೇಕಿಲ್ಲ. 15 ಅಕ್ಷರದ ನಂಬರದು, ಮೊದಲ ಎರಡು ರಾಜ್ಯದ ಗುರುತು. ನಮ್ಮ ಕರ್ನಾಟಕಕ್ಕೆ 29. ಹುಡುಕಿದರೆ ವ್ಯಾಪಾರದ ಹೆಸರು, ಯಾವಾಗ ನೋಂದಣಿ ಆಯಿತು, ಈಗ ಚಾಲ್ತಿಯಲ್ಲಿದೆಯಾ ಎಲ್ಲ ಬರುತ್ತದೆ. ಬೆಂಗಳೂರಿನ ಅಂಗಡಿ ಅಂತ ಹೇಳಿಕೊಂಡು ನಂಬರ್ ಬೇರೆ ರಾಜ್ಯದ್ದಿದ್ದರೆ, ಅಥವಾ ಸೈಕಲ್ ಅಂಗಡಿಯ ನಂಬರ್ ಹಾಕಿದರೆ ಯಾವುದೋ ಸಿಮೆಂಟ್ ವ್ಯಾಪಾರಿಯ ಹೆಸರು ಬಂದರೆ, ಯೋಚಿಸಿ. ಹಾಗೇ ಯುಪಿಐನಲ್ಲಿ ದುಡ್ಡು ಕಟ್ಟುವಾಗ ಮೇಲೆ ಹೆಸರು ಕಾಣುತ್ತದಲ್ಲ, ಅದನ್ನು ಓದಿ. ಅಂಗಡಿಯ ಹೆಸರು ಬಿಟ್ಟು ಯಾರೋ ವ್ಯಕ್ತಿಯ ಹೆಸರು ಬಂದರೆ ಪಿನ್ ಒತ್ತಬೇಡಿ. ನಿಮ್ಮ ಜೊತೆಯವರು ಆ ಒಂದು ಸಾಲು ಓದಿದ್ದರೆ 1,800 ರೂಪಾಯಿ ಉಳಿಯುತ್ತಿತ್ತೇನೋ.

ಇನ್ನು ಕ್ಯಾಶ್ ಆನ್ ಡೆಲಿವರಿ. ಇದು ಸೇಫ್ ಅನ್ನುವುದು ನಮ್ಮ ಕಡೆ ಎಲ್ಲರ ನಂಬಿಕೆ. ಅರ್ಧ ನಿಜ. ಸಾಮಾನು ಬಾರದೇ ದುಡ್ಡು ಹೋಗುವುದು ತಪ್ಪುತ್ತದೆ. ಆದರೆ ಸಾಮಾನ್ಯವಾಗಿ ದುಡ್ಡು ಕೊಟ್ಟಮೇಲೇ ಪ್ಯಾಕೆಟ್ ಒಡೆಯಲು ಬಿಡುವುದು. ಒಳಗೆ ಏನಿದ್ದರೂ ಕೊರಿಯರ್ ಹುಡುಗ ಅದಕ್ಕೆ ಜವಾಬ್ದಾರ ಅಲ್ಲ, ಅವನನ್ನು ಬೈದು ಪ್ರಯೋಜನ ಇಲ್ಲ. ಆಮೇಲೆ ವಾಪಸಾತಿಗೆ ನಿಮ್ಮ ಬ್ಯಾಂಕ್ ವಿವರ ಕೊಡಬೇಕಾಗುತ್ತದೆ, ಅಲ್ಲಿ ಇನ್ನೊಂದು ಬಾಗಿಲು ತೆರೆಯುತ್ತದೆ. "ರಿಫಂಡ್ ಕಳಿಸ್ತೀವಿ, ಪಿನ್ ಹಾಕಿ" ಅಂತ ಯಾರಾದರೂ ಅಂದರೆ ಫೋನ್ ಇಟ್ಟುಬಿಡಿ. ದುಡ್ಡು ಬರುವುದಕ್ಕೆ ಪಿನ್ ಬೇಡ, ಹೋಗುವುದಕ್ಕೆ ಮಾತ್ರ ಬೇಕು. ಗ್ರಾಹಕ ಸೇವೆಯ ನಂಬರನ್ನು ಗೂಗಲ್‌ನಲ್ಲಿ ಹುಡುಕಿ ಫೋನ್ ಮಾಡುವುದೂ ಬೇಡ, ಅಲ್ಲಿ ಕಳ್ಳ ನಂಬರ್‌ಗಳು ಕೂತಿರುತ್ತವೆ. ಬಿಲ್ಲಿನ ಮೇಲೆ ಇರುವುದಕ್ಕೇ ಮಾಡಿ.

ವಿಳಾಸದ ಪಕ್ಕ ಬೀಗದ ಚಿತ್ರ ಇದೆ, ಅಸಲಿ ಅಂಗಡಿ ಅನ್ನುವವರೂ ಇದ್ದಾರೆ. ನೀವು ಟೈಪ್ ಮಾಡಿದ್ದನ್ನು ದಾರಿಯಲ್ಲಿ ಯಾರೂ ಓದಲಾರರು ಅನ್ನುವುದಕ್ಕೆ ಆ ಬೀಗ. ಆ ತುದಿಯಲ್ಲಿ ಕೂತವನು ಕಳ್ಳನೋ ಸಾಚಾನೋ ಅನ್ನುವುದು ಅದಕ್ಕೆ ಗೊತ್ತಿಲ್ಲ.

ದೊಡ್ಡ ಹೆಸರಿನ ಆನ್‌ಲೈನ್ ಸಂತೆಯಲ್ಲಿ ತರಿಸಿದರೆ ಅಸಲಿಯೇ ಬರುತ್ತದೆ ಅನ್ನುವುದೂ ಪೂರ್ತಿ ನಿಜ ಅಲ್ಲ. ನಮ್ಮ ಚಿಂತಾಮಣಿ ಸಂತೆಗೆ ಯಾರು ಬೇಕಾದರೂ ಬಂದು ಕೂತು ಮಾರುವ ಹಾಗೆ ಅಲ್ಲೂ ಸಾವಿರಾರು ಜನ ಮಾರುತ್ತಾರೆ. ಬೆಲೆಯ ಕೆಳಗೆ "ಮಾರುವವರು" ಅಂತ ಸಣ್ಣದಾಗಿ ಒಂದು ಹೆಸರಿರುತ್ತದೆ. ನೀವು ವ್ಯಾಪಾರ ಮಾಡುತ್ತಿರುವುದು ಆ ಹೆಸರಿನ ಜೊತೆ. ಅದನ್ನು ಒತ್ತಿ ನೋಡಿ. ಅವನು ಬೇರೆ ಏನೇನು ಮಾರುತ್ತಿದ್ದಾನೆ, ಜನ ಏನು ಹೇಳಿದ್ದಾರೆ ಅಂತ. ಸಂತೆಯ ಒಂದು ಅನುಕೂಲ ಇದೆ: ವಾಪಸಾತಿ ಸಾಮಾನ್ಯವಾಗಿ ಸಲೀಸು. ಸೈಕಲ್ ಸಾಮಾನು ಮಾತ್ರ ಮಾರುವ ಅಂಗಡಿಗಳಲ್ಲಿ ತಿಳುವಳಿಕೆ ಜಾಸ್ತಿ, ವಾಪಸಾತಿ ಸ್ವಲ್ಪ ಬಿಗಿ. ಯಾವುದು ಬೇಕೋ ಸಾಮಾನು ನೋಡಿ ತೀರ್ಮಾನ ಮಾಡಿ.

ನಕ್ಷತ್ರಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಐದು ನಕ್ಷತ್ರದವರು ಬಹಳ ಸಲ ಪ್ಯಾಕಿಂಗ್ ನೋಡಿ ಬರೆದಿರುತ್ತಾರೆ. ಒಂದು ನಕ್ಷತ್ರದವರು ಕೋಪದಲ್ಲಿ ಬರೆದಿರುತ್ತಾರೆ. ಎರಡು, ಮೂರು ಕೊಟ್ಟವರನ್ನು ಓದಿ, ಅದರಲ್ಲೂ ಫೋಟೋ ಹಾಕಿದವರನ್ನು, "ಮೂರು ತಿಂಗಳಾಯಿತು" ಅಂತ ಶುರು ಮಾಡಿದವರನ್ನು. ಹಲವು ಕಡೆ ಒಂದೇ ಪುಟದಲ್ಲಿ ನಾಲ್ಕು ಸೈಜಿನ ಟೈರ್ ಇದ್ದು, ನಾಲ್ಕಕ್ಕೂ ಸೇರಿಸಿ ಒಂದೇ ನಕ್ಷತ್ರ ತೋರಿಸುತ್ತಾರೆ. ನಿಮ್ಮ ಸೈಜನ್ನು ಒಬ್ಬನೂ ಕೊಂಡಿರದೇ ಇರಬಹುದು.

ಅಗ್ಗದ್ದು ಬೇರೆ, ನಕಲಿ ಬೇರೆ. ಲುಧಿಯಾನದಲ್ಲಿ ತಯಾರಾದ, ದೊಡ್ಡ ಹೆಸರಿಲ್ಲದ ಫ್ರೀವೀಲ್ ನಕಲಿ ಅಲ್ಲ. ನಾನೇ ಎಷ್ಟೋ ಸೈಕಲ್ಲಿಗೆ ಹಾಕಿದ್ದೇನೆ, ಶಾಲೆಗೆ ಹೋಗಿಬರುವುದಕ್ಕೆ ಧಾರಾಳ ಸಾಕು. ಬೇರೆಯವರ ಹೆಸರು ಒತ್ತಿಸಿಕೊಂಡು ಬಂದದ್ದು ನಕಲಿ. ಒಮ್ಮೆ ಒಬ್ಬರು ಹೆಸರಾಂತ ಕಂಪನಿಯ ಚೈನು ಅಂತ ಅರ್ಧ ಬೆಲೆಗೆ ತಂದಿದ್ದರು. ಡಬ್ಬ ಥಳಥಳ ಅನ್ನುತ್ತಿತ್ತು. ನನ್ನ ಹತ್ತಿರ ಇದ್ದ ಅದೇ ಕಂಪನಿಯ ಹೊಸ ಚೈನು ಪಕ್ಕಕ್ಕಿಟ್ಟೆ. ಎರಡರ ತುದಿಯನ್ನೂ ಒಂದೇ ಅಳತೆಗೆ ಹಿಡಿದು ಅಡ್ಡಡ್ಡ ಮಲಗಿಸಿ ನೋಡಿದೆ. ನನ್ನದು ಬಿದಿರು ಕಡ್ಡಿ ಹಾಗೆ ಸ್ವಲ್ಪ ಬಾಗಿ ನಿಂತಿತು. ಅವರದು ಹೀರೇಕಾಯಿ ಬಳ್ಳಿಯ ಹಾಗೆ ಇಳಿಬಿತ್ತು. ಹೊಸದರಲ್ಲೇ ಅಷ್ಟು ಸಡಿಲ. ಕೊಂಡಿಯ ಮೇಲೆ ಒತ್ತಿದ ಅಕ್ಷರ ಒಂದು ಕಡೆ ಆಳ, ಒಂದು ಕಡೆ ತೇಲು. ಬೇಡ ಅಂದೆ, ಕೇಳಲಿಲ್ಲ, ಹಾಕಿಸಿಕೊಂಡರು. ಮೂರು ತಿಂಗಳಿಗೆ ಸ್ಕೇಲ್ ಇಟ್ಟರೆ ಒಂದು ನೂಲು ಜಾಸ್ತಿ. ಹಲ್ಲೂ ಹೋಗಿತ್ತು.

ಹಾಗಂತ ಡಬ್ಬ ಇಲ್ಲದ್ದೆಲ್ಲ ನಕಲಿ ಅಂದುಕೊಳ್ಳಬೇಡಿ. ಸೈಕಲ್ ಕಾರ್ಖಾನೆಗಳಿಗೆ ಸಗಟಿನಲ್ಲಿ ಹೋಗುವ ಅಸಲಿ ಮಾಲು ಬರೀ ಪ್ಲಾಸ್ಟಿಕ್ ಕವರಿನಲ್ಲಿ, ಕಂದು ಡಬ್ಬದಲ್ಲಿ ಬರುತ್ತದೆ. ಅದನ್ನು ಕೆಲವು ಅಂಗಡಿಯವರು ಸ್ವಲ್ಪ ಕಡಿಮೆಗೆ ಮಾರುತ್ತಾರೆ. ಒಳ್ಳೆಯವರು "ಡಬ್ಬ ಇಲ್ಲ" ಅಂತ ಪುಟದಲ್ಲೇ ಬರೆದಿರುತ್ತಾರೆ.

ಅಗ್ಗಕ್ಕೆ ಯಾವುದು ನಡೆಯುತ್ತದೆ, ಯಾವುದು ನಡೆಯಲ್ಲ ಅನ್ನುವುದಕ್ಕೆ ನನ್ನ ಅಳತೆಗೋಲು ಒಂದೇ: ಅದು ಮುರಿದರೆ ನೀವು ನಿಲ್ಲುತ್ತೀರೋ ಬೀಳುತ್ತೀರೋ. ಮಡ್‌ಗಾರ್ಡ್ ಮುರಿದರೆ ಬಟ್ಟೆ ಕೆಸರಾಗುತ್ತದೆ. ಹ್ಯಾಂಡಲ್ಲು, ಅದನ್ನು ಹಿಡಿಯುವ ಸ್ಟೆಮ್, ಮುಂದಿನ ಚಕ್ರ ಹಿಡಿಯುವ ಫೋರ್ಕು, ಬ್ರೇಕ್ ಪ್ಯಾಡು ಮುರಿದರೆ ಹಲ್ಲು ಮುರಿಯುತ್ತದೆ, ಅದೂ ಪುಣ್ಯ ಇದ್ದರೆ. ನಂದಿ ಬೆಟ್ಟ 1,478 ಮೀಟರ್ ಎತ್ತರ. ಮೇಲಿಂದ ಇಳಿಯುವಾಗ ಉದ್ದಕ್ಕೂ ಬ್ರೇಕ್ ಹಿಡಿದೇ ಇರುತ್ತೀರಿ, ಕೆಳಗೆ ಬಂದು ಡಿಸ್ಕ್ ಮುಟ್ಟಿದರೆ ಬೆರಳು ಸುಡುತ್ತದೆ. ಕಳಪೆ ಪ್ಯಾಡಿನಲ್ಲಿ ಆ ಬಿಸಿಗೆ ಉಜ್ಜುವ ಪದರ ತಗಡಿನಿಂದ ಎದ್ದುಬರುತ್ತದೆ. ಅಂಥ ಎರಡು ಪ್ಯಾಡು ನನ್ನ ಡ್ರಾಯರ್‌ನಲ್ಲಿ ಇವೆ, ಅಗ್ಗದ್ದು ಕೊಡಿ ಅಂತ ಹಟ ಮಾಡುವವರಿಗೆ ತೋರಿಸುವುದಕ್ಕೆ.

ಹೆಲ್ಮೆಟ್ ವಿಷಯದಲ್ಲಿ ಒಂದು ಗೊಂದಲ ಇದೆ. ಐಎಸ್‌ಐ ಗುರುತಿನ ಜೊತೆ ಐಎಸ್ 4151 ಅಂತ ಇರುವುದು ಮೋಟಾರ್ ಬೈಕಿನ ಹೆಲ್ಮೆಟ್. ಅದನ್ನು ಹಾಕಿಕೊಂಡು ಸೈಕಲ್ ತುಳಿದರೆ ಬೆವರಿಗೇ ಸಾಕಾಗುತ್ತದೆ. ಸೈಕಲ್ ಹೆಲ್ಮೆಟ್ಟಿನ ಒಳಗೆ ಇಎನ್ 1078 ಅಥವಾ ಸಿಪಿಎಸ್‌ಸಿ ಅಂತ ಇದೆಯಾ ನೋಡಿ. ಮೊದಲನೆಯದು ಯುರೋಪಿನ ಮಾನದಂಡ, ಎರಡನೆಯದು ಅಮೆರಿಕದ್ದು. ಸಾಧ್ಯವಾದರೆ ಹೆಲ್ಮೆಟ್ ಮಾತ್ರ ಆನ್‌ಲೈನ್ ಬೇಡ. ತಲೆಗೆ ಹಾಕಿ, ಪಟ್ಟಿ ಕಟ್ಟದೆ ತಲೆ ಅಲ್ಲಾಡಿಸಿ, ಅದು ಜಾರದೆ ಕೂತಿತಾ ಅಂತ ನೋಡಿ ಕೊಳ್ಳುವ ವಸ್ತು ಅದು.

ಬೆಂಗಳೂರಿಗೆ ಹೋಗುವುದೇ ವಾಸಿಯಾ ಅಂದಿರಿ. ಹೋಗಿಬರಲು 120 ಕಿಲೋಮೀಟರ್ ಮೇಲಾಗುತ್ತದೆ. ಬಸ್ಸಿನ ಚಾರ್ಜು, ಒಂದು ರಜೆ, ಊಟ, ಸಿಟಿಯೊಳಗಿನ ಆಟೋ. 900 ರೂಪಾಯಿ ಸಾಮಾನಿಗೆ ಇದು ಗಿಟ್ಟುವುದಿಲ್ಲ. ಆದರೆ ಹೆಲ್ಮೆಟ್ಟು, ಶೂ, ಸೀಟು, ಫೋರ್ಕು ಹೀಗೆ ನೋಡಿ ಕೊಳ್ಳುವ ನಾಲ್ಕು ವಸ್ತು ಸೇರಿದ್ದರೆ ಹೋಗಿ. ಹೋಗುವಾಗ ಹಳೇ ಪಾರ್ಟನ್ನೇ ಜೇಬಿನಲ್ಲಿಟ್ಟುಕೊಂಡು ಹೋಗಿ. ಟ್ಯೂಬು, ಬ್ರೇಕ್ ಕೇಬಲ್ಲು, ಬೇರಿಂಗ್ ಗೋಲಿ, ಚಕ್ರದ ಕಡ್ಡಿ ಇವನ್ನು ಮಾತ್ರ ನಿಮ್ಮೂರಿನಲ್ಲೇ ತೆಗೆದುಕೊಳ್ಳಿ. 20 ರೂಪಾಯಿ ಜಾಸ್ತಿ ಆದರೂ ಪರವಾಗಿಲ್ಲ. ಕತ್ತಲಲ್ಲಿ ಪಂಕ್ಚರ್ ಆದಾಗ ಷಟರ್ ತೆಗೆಯುವವನು ಅವನೇ. ಆನ್‌ಲೈನ್ ಸಾಮಾನು ತಂದರೆ ಕೆಲವು ಮೆಕ್ಯಾನಿಕ್‌ಗಳು ಮುಖ ಸಿಂಡರಿಸುತ್ತಾರೆ, ನನಗೂ ಮೊದಮೊದಲು ಹಾಗೇ ಆಗುತ್ತಿತ್ತು. ಆರ್ಡರ್ ಮಾಡುವ ಮುಂಚೆ ಅವರಿಗೇ ತೋರಿಸಿ "ಇದು ಆಗುತ್ತಾ, ಹಾಕಲು ಕೂಲಿ ಎಷ್ಟು" ಅಂತ ಕೇಳಿ. ಅರ್ಧ ತಪ್ಪು ಅಲ್ಲೇ ತಪ್ಪುತ್ತದೆ.

ಹೊರದೇಶದ ಅಂಗಡಿಯಿಂದ ನೇರ ತರಿಸುವುದನ್ನು ನಿಮಗೆ ಹೇಳಲ್ಲ. ಕಸ್ಟಮ್ಸ್ ಸುಂಕ ಸೇರಿದರೆ ಬೆಲೆ ಬೇರೆಯೇ ಆಗುತ್ತದೆ, ಹೊಂದದಿದ್ದರೆ ವಾಪಸ್ ಕಳಿಸುವ ಮಾತೇ ಇಲ್ಲ.

ಒಂದು ಹೆಸರು ಹೇಳಿ ಅಂದಿರಿ. ಹೇಳುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಕಡೆ ನಂದಿಗೆ ಬರುವ ಬೆಂಗಳೂರಿನ ಸೈಕಲ್ ಹುಡುಗರು ಒಂದು ಕಾಲಕ್ಕೆ ಕಣ್ಣು ಮುಚ್ಚಿ ತರಿಸುತ್ತಿದ್ದದ್ದು ಬ್ರಿಟನ್ ಕಡೆಯ ವಿಗಲ್, ಚೈನ್ ರಿಯಾಕ್ಷನ್ ಸೈಕಲ್ಸ್ ಅನ್ನುವ ಎರಡು ಆನ್‌ಲೈನ್ ಅಂಗಡಿಗಳಿಂದ. ಜಗತ್ತಿಗೇ ಹೆಸರಾಗಿದ್ದ ಅಂಗಡಿಗಳು. 2016ರಲ್ಲಿ ಎರಡೂ ಒಂದಾದವು. 2023ರ ಅಕ್ಟೋಬರ್‌ನಲ್ಲಿ ದಿವಾಳಿ ಪ್ರಕ್ರಿಯೆಗೆ ಹೋದವು. ಹೆಸರು ಇನ್ನೊಬ್ಬರು ಕೊಂಡರು, ಅಂಗಡಿ ಹಳೆಯದಾಗಿ ಉಳಿಯಲಿಲ್ಲ. ಇವತ್ತು ನಾನು ಬರೆದ ಹೆಸರನ್ನು ನೀವು ಎರಡು ವರ್ಷ ಬಿಟ್ಟು ನೋಡಿ ದುಡ್ಡು ಕಟ್ಟಿದರೆ ಅದಕ್ಕೆ ನಾನು ಏನು ಉತ್ತರ ಕೊಡಲಿ? ಅದರ ಬದಲು ಹೊಸ ಅಂಗಡಿಯಿಂದ ಮೊದಲು 200-300 ರೂಪಾಯಿಯ ಒಂದು ಟ್ಯೂಬ್ ತರಿಸಿ. ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ಇದೆಯಾ, ಹೇಳಿದ ದಿನಕ್ಕೆ ಬಂತಾ, ನಿಮ್ಮ ಹಳ್ಳಿಯ ತನಕ ಬಂತಾ ಇಲ್ಲ ಶಿಡ್ಲಘಟ್ಟದ ಕೊರಿಯರ್ ಆಫೀಸಿಗೇ ಹೋಗಿ ತರಬೇಕಾಯಿತಾ ನೋಡಿ. ದೊಡ್ಡ ಸಾಮಾನು ಆಮೇಲೆ. ಪ್ಯಾಕೆಟ್ ಬಂದಾಗ ಮೇಲಿನ ಚೀಟಿ ಕಾಣುವ ಹಾಗೆ ಶುರು ಮಾಡಿ, ನಡುವೆ ನಿಲ್ಲಿಸದೆ, ಒಡೆಯುವ ವಿಡಿಯೋ ಮಾಡಿ. ಹಳೇ ಪಾರ್ಟಿನ ಪಕ್ಕ ಇಟ್ಟು ಹೋಲಿಸುವ ತನಕ ಗ್ರೀಸ್ ಹಚ್ಚಬೇಡಿ, ಚೈನು ತುಂಡು ಮಾಡಬೇಡಿ. ಕತ್ತರಿಸಿದ ಚೈನನ್ನು ದೇವರೂ ವಾಪಸ್ ತೆಗೆದುಕೊಳ್ಳಲ್ಲ.

ಇನ್ನು ನಿಮ್ಮ 940 ರೂಪಾಯಿ. ಅದೇ 2020ರ ನಿಯಮದಲ್ಲಿ, ಸಾಮಾನು ಕೆಟ್ಟಿದ್ದರೆ, ನಕಲಿಯಾಗಿದ್ದರೆ, ಅಥವಾ ಜಾಹೀರಾತಿನಲ್ಲಿ ಹೇಳಿದ ಗುಣ ಇಲ್ಲದಿದ್ದರೆ ಮಾರಿದವರು ವಾಪಸ್ ತೆಗೆದುಕೊಳ್ಳಲು ಇಲ್ಲ ಅನ್ನುವ ಹಾಗಿಲ್ಲ ಅಂತಿದೆ. ಪುಟದಲ್ಲಿ ಬರೀ "ಕ್ಯಾಸೆಟ್" ಅಂತ ಇದ್ದು ನೀವು ತಪ್ಪು ತಿಳಿದಿದ್ದರೆ ಅವರ ವಾಪಸಾತಿ ಪುಟದ ಮಾತೇ ನಡೆಯುತ್ತಿತ್ತು. ಆದರೆ ಅವರು "ಫ್ರೀವೀಲ್" ಅಂತಲೂ ಬರೆದಿದ್ದಾರೆ, ಬಂದದ್ದು ಫ್ರೀವೀಲ್ ಅಲ್ಲ. ಇಲ್ಲಿ ನಿಮ್ಮ ಕೈ ಮೇಲಿದೆ. "ಫೋಟೋದಲ್ಲಿ ಕ್ಯಾಸೆಟ್ಟೇ ಇತ್ತಲ್ಲ" ಅಂತ ಅವರು ವಾದ ಮಾಡಬಹುದು, ಮಾಡಲಿ. ಆ ಪುಟವನ್ನು ಅವರು ತಿದ್ದುವ ಮುಂಚೆ ಈಗಲೇ ಸ್ಕ್ರೀನ್‌ಶಾಟ್ ತೆಗೆದಿಡಿ. ಫೋನಿನಲ್ಲಿ ಜಗಳ ಬೇಡ. ದೂರು ಅಧಿಕಾರಿಗೆ ಇಮೇಲ್ ಬರೆಯಿರಿ: ಆರ್ಡರ್ ನಂಬರ್, ಪುಟದ ಶೀರ್ಷಿಕೆ, ಬಂದದ್ದರ ಫೋಟೋ, ಫಿಟ್ ಮಾಡಿಲ್ಲ ಅನ್ನುವ ಮಾತು. 48 ಗಂಟೆಯೊಳಗೆ ದೂರು ಸಿಕ್ಕಿದೆ ಅಂತ ಅವರು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯ್ದೆ ಬಂದಮೇಲೆ ಅಂಗಡಿ ಎಲ್ಲೇ ಇರಲಿ, ನೀವು ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು, 5 ಲಕ್ಷದ ತನಕದ ವ್ಯವಹಾರಕ್ಕೆ ಶುಲ್ಕ ಇಲ್ಲ. 940ಕ್ಕೆ ಅಷ್ಟು ದೂರ ಹೋಗುತ್ತೀರಾ ಅನ್ನುವುದು ನಿಮಗೆ ಬಿಟ್ಟದ್ದು. ನಾನಾದರೆ 1915ರ ತನಕ ಖಂಡಿತ ಹೋಗುತ್ತೇನೆ.

ನಿಮ್ಮ ಜೊತೆಯವರಿಗೆ ದಾರಿ ಬೇರೆ. ಅದು ಸೈಬರ್ ಅಪರಾಧ. ಇವತ್ತೇ 1930ಕ್ಕೆ ಫೋನ್ ಮಾಡಲಿ, ಬ್ಯಾಂಕಿಗೂ ತಿಳಿಸಲಿ. ಬೇಗ ತಿಳಿಸಿದಷ್ಟೂ ಆ ಖಾತೆಯಲ್ಲಿ ದುಡ್ಡು ತಡೆಹಿಡಿಯುವ ಅವಕಾಶ ಜಾಸ್ತಿ.

ನಿಮ್ಮ ಚೈನಿಗೆ ಸ್ಕೇಲ್ ಇಟ್ಟು ಎಷ್ಟು ಬಂತು ಅಂತ ಬರೆಯಿರಿ. ಫ್ರೀವೀಲ್ ಬದಲಿಸಬೇಕು ಅಂತಾದರೆ ಅದನ್ನು ಮನೆಯಲ್ಲಿ ಸುತ್ತಿಗೆ, ಉಳಿ ಇಟ್ಟು ಬಿಚ್ಚಲು ಹೋಗಬೇಡಿ. ನಾಲ್ಕು ವರ್ಷ ತುಳಿದು ತುಳಿದು ಅದು ಥ್ರೆಡ್ ಮೇಲೆ ಕಚ್ಚಿಕೊಂಡಿರುತ್ತದೆ, ಹಬ್ಬು ಹಾಳಾಗುತ್ತದೆ. ಅದಕ್ಕೆ ಬೇರೆ ಟೂಲ್ ಇದೆ, ನನ್ನ ಹತ್ತಿರ ಮೂರು ಥರದ್ದು ಇವೆ. ಇಡೀ ಸೈಕಲ್ ತರಬೇಕಾಗಿಲ್ಲ. ಹಿಂದಿನ ಚಕ್ರ ಬಿಚ್ಚಿ, ಗೋಣಿ ಚೀಲದಲ್ಲಿ ಸುತ್ತಿ, ಚಿಕ್ಕಬಳ್ಳಾಪುರದ ಬಸ್ಸಿನಲ್ಲಿ ಸೀಟಿನ ಕೆಳಗೆ ಇಟ್ಟುಕೊಂಡು ಬನ್ನಿ. ಬೇಡದ ಆ ಕ್ಯಾಸೆಟ್ಟನ್ನು ಮಾತ್ರ ಡಬ್ಬದ ಸಮೇತ ಮನೆಯಲ್ಲೇ ಜೋಪಾನವಾಗಿ ಇಟ್ಟಿರಿ.